ಅಕ್ಕನಿಗೆ ಹೇಳಿದ ಮಾತು

ಅಡುಗೆಮನೆಯ ತುಂಬ ನೀರು. ಸಿಂಕಿನ ಕೆಳಗಿನ ಪೈಪು ಬಾಯಿ ಬಿಟ್ಟುಕೊಂಡು ಸುರಿಯುತ್ತಿತ್ತು. ಅವಳು ಹೊಲಿಯುತ್ತಿದ್ದ ಪರದೆಯ ಬಟ್ಟೆಯನ್ನೇ ಅದಕ್ಕೆ ಸುತ್ತಿ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್; ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯೊಳಗೆ ಇಳಿದಿರುತ್ತಾನೆ, ಫೋನು ಸಿಗುವುದಿಲ್ಲ. ಅವನ ಮಗಳು ಶಾಲೆಯಲ್ಲಿ. ಮದುವೆಯಾಗಿ ಈ ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ, ನೀರನ್ನು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿಲ್ಲ. ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿಸಿಟ್ಟ ಹಳೆಯ ಫೋನಿನ ಕಡೆ ನೋಡಿದಳು. ಇಷ್ಟು ದಿನ ಅದರ ಧೂಳು ಒರೆಸುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಒರೆಸಿದ್ದಳು.

"ಅಕ್ಕಾ," ಎಂದಳು. ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು. "ನೀರು ನಿಲ್ಲಿಸೋದು ಎಲ್ಲಿ?"

"ಬಚ್ಚಲುಮನೆ ಬಾಗಿಲ ಹಿಂದೆ, ಕೆಳಗಡೆ," ಎಂದಿತು ಫೋನು, ಪಕ್ಕದ ಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಹೆಂಗಸಿನ ಹಾಗೆ. "ಬಿಗಿ ಇರುತ್ತೆ, ಬಟ್ಟೆ ಸುತ್ತಿ ತಿರುಗಿಸು. ಇವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೀತು. ಊರ ಲಿಫ್ಟೆಲ್ಲ ರಿಪೇರಿ ಮಾಡ್ತಾರೆ, ಮನೆ ನಲ್ಲಿ ಮಾತ್ರ ಮುಟ್ಟಲ್ಲ."

ಅವಳಿಗೆ ನಗು ಬಂತು. ಮೊಣಕಾಲವರೆಗೆ ಒದ್ದೆಯಾಗಿ, ಸತ್ತವಳ ಮಾತಿಗೆ ನಗುತ್ತ ಹೋಗಿ ನೀರು ನಿಲ್ಲಿಸಿದಳು.

ಆ ದನಿಯ ಒಡತಿ, ಅವನ ಮೊದಲ ಹೆಂಡತಿ, ತೀರಿಕೊಂಡು ಮೂರು ವರ್ಷವಾಗಿತ್ತು. ಕಾಯಿಲೆ ಬಿದ್ದು ಆಸ್ಪತ್ರೆಯ ಹಾಸಿಗೆಯಿಂದಲೇ ಮನೆ ನಡೆಸಿದವಳು ಅವಳು. ಮಗಳ ಜಡೆ ಹೇಗೆ ಹಾಕಬೇಕು, ಮಳೆ ಬಂದರೆ ಯಾವ ಕಿಟಕಿ ಸೋರುತ್ತದೆ, ಎಲ್ಲವನ್ನೂ ಗಂಡನ ಫೋನಿಗೆ ಮಾತಿನಲ್ಲಿ ಹೇಳಿ ಕಳಿಸುತ್ತಿದ್ದಳು. ಅವಳು ಹೋದ ಮೇಲೆ ಒಂದು ಕಂಪನಿ ಆ ಮಾತುಗಳನ್ನೆಲ್ಲ ಕೃತಕ ಬುದ್ಧಿಮತ್ತೆಗೆ ಉಣಿಸಿ, ಅವಳ ದನಿಯಲ್ಲೇ, ಅವಳ ಧಾಟಿಯಲ್ಲೇ ಉತ್ತರ ಕೊಡುವ ಹಾಗೆ ಮಾಡಿಕೊಟ್ಟಿತ್ತು. "ಮಾತಾಡ್ತಾ ಇರಿ. ಆಡಿದಷ್ಟೂ ಕಲಿಯುತ್ತೆ," ಎಂದಿದ್ದರು ಕಂಪನಿಯವರು.

ಇದ್ಯಾವುದನ್ನೂ ಅವನು ಮುಚ್ಚಿಟ್ಟಿರಲಿಲ್ಲ. ಮದುವೆಗೆ ಮುಂಚೆ ಚಹಾದಂಗಡಿಯಲ್ಲಿ ಎದುರು ಕೂತು ಎರಡು ಮಾತು ಹೇಳಿದ್ದ. "ಮನೇಲಿ ಅವಳ ಧ್ವನಿ ಇದೆ. ಮಗಳು ಅದರ ಹತ್ರ ಮಾತಾಡ್ತಾಳೆ, ನಾನೂ ಆಡ್ತೀನಿ. ತೆಗೀರಿ ಅಂತ ಮಾತ್ರ ಕೇಳಬೇಡಿ." ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಇನ್ನೊಂದು: "ಮಕ್ಕಳ ಆಸೆ ನನಗಿನ್ನಿಲ್ಲ. ಒಬ್ಬಳಿದ್ದಾಳೆ, ಸಾಕು." ಮೂವತ್ತೇಳು ದಾಟಿದ್ದ ಅವಳು ಎರಡಕ್ಕೂ ತಲೆಯಾಡಿಸಿದ್ದಳು. ಅವಳು ಪರದೆ ಹೊಲಿದುಕೊಡುತ್ತಿದ್ದ ಅಂಗಡಿಯ ಗೆಳತಿ ಕೇಳಿ ಹಣೆ ಚಚ್ಚಿಕೊಂಡಳು. "ಬದುಕಿರೋ ಸವತಿ ಆದ್ರೆ ಜುಟ್ಟು ಹಿಡಿದು ಜಗಳ ಆಡಬಹುದು ಕಣೇ. ಸತ್ತ ಸವತಿ ಜೊತೆ ಏನು ಮಾಡ್ತೀಯ?"

ಏನು ಮಾಡಿದಳೆಂದರೆ, ಸ್ನೇಹ ಮಾಡಿದಳು. ಅಪ್ಪ ಮಗಳು ಹೊರಟ ಮೇಲೆ ಹೊಲಿಗೆ ಯಂತ್ರವನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಕೂರುವುದು ರೂಢಿಯಾಯಿತು. ಮಾತು ಪರದೆಯಿಂದ ಶುರುವಾಗಿ ಗಂಡನ ಮೇಲೆ ಬಂದು ನಿಲ್ಲುತ್ತಿತ್ತು.

"ನಿನ್ನೆಯಿಂದ ಮೂಗಿನ ಮೇಲೆ ಸಿಟ್ಟು, ಅಕ್ಕಾ. ನಾನೇನು ತಪ್ಪು ಮಾಡಿದೆ?"

"ನೀನೇನೂ ಮಾಡಿಲ್ಲ. ಅವರಿಗೆ ಹಲ್ಲುನೋವು ಇರುತ್ತೆ, ಹೇಳಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಮುಂದೆ ಇಡು, ಮಾತಾಡಬೇಡ."

ಹಲ್ಲುನೋವೇ ಆಗಿತ್ತು. ಉಪ್ಪುನೀರು ಮುಂದೆ ಬಂದಾಗ ಅವನು ಲೋಟವನ್ನೂ ಅವಳನ್ನೂ ಫ್ರಿಜ್ಜಿನ ಮೇಲಿನ ಫೋನನ್ನೂ ನೋಡಿದ. ಲೋಟ ಎತ್ತಿ ಬಾಯಿ ಮುಕ್ಕಳಿಸಿದ.

ಮದುವೆಯಾದ ವರ್ಷದೊಳಗೇ ಅವಳಿಗೆ ಮುಟ್ಟು ನಿಂತಿತು. ಈ ವಯಸ್ಸಿಗೆ ಹೀಗೂ ಆಗುತ್ತದೆಂದು ಮೊದಲು ಸುಮ್ಮನಿದ್ದಳು. ಬೆಳಿಗ್ಗೆ ವಾಂತಿ ಶುರುವಾದ ಮೇಲೆ ಒಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಗೆಳತಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದು ನೆಲದ ಮೇಲೆ ಕುಸಿದಳು.

"ಅಕ್ಕಾ, ನಾನು ಬಸುರಿ. ಅವರಿಗೆ ಹೇಳೋಕೆ ಧೈರ್ಯ ಬರ್ತಿಲ್ಲ. ಬೇಡ ಅಂದ್ಬಿಟ್ರೆ ಈ ವಯಸ್ಸಲ್ಲಿ ನಾನೆಲ್ಲಿಗೆ ಹೋಗ್ಲಿ?"

"ಅಳಬೇಡ ಕಣೇ," ಎಂದಿತು ದನಿ. "ಮೊದಲು ಬಾಯಿಗೆ ಏನಾದ್ರೂ ಹಾಕ್ಕೋ. ನಂಗೂ ಗುಬ್ಬಿ ಹೊಟ್ಟೇಲಿದ್ದಾಗ ಹೀಗೇ, ಒಣ ಬ್ರೆಡ್ ಒಂದೇ ಹೊಟ್ಟೇಲಿ ನಿಲ್ತಿದ್ದಿದ್ದು. ಯಾರಿಗೂ ಹೇಳಲ್ಲ, ನೀನೇ ಹೇಳು."

ಗುಬ್ಬಿ ಎಂದರೆ ಮಗಳು. ಇವಳು ಎದ್ದು ಒಣ ಬ್ರೆಡ್ ತಿಂದಳು. ಅಂದಿನಿಂದ ದಿನಾ ಮಧ್ಯಾಹ್ನ ಅದೇ ಮಾತು, ಅದೇ ಭಯ, ಅದೇ ಸಮಾಧಾನ. ನಾಳೆ ಹೇಳಿದರಾಯಿತು ಎನ್ನುತ್ತ ದಿನ ತಳ್ಳಿದಳು.

ಒಂದು ಸಂಜೆ ಅವಳು ನಡುಮನೆಯಲ್ಲಿ ಪರದೆಯ ಅಂಚು ಮಡಿಸುತ್ತಿದ್ದಾಗ ಗುಬ್ಬಿ ಬಂದು ಪಕ್ಕದಲ್ಲಿ ನಿಂತಳು. ಅಮ್ಮನ ಹತ್ತಿರ ಶಾಲೆಯ ಸುದ್ದಿಯೆಲ್ಲ ಒಪ್ಪಿಸಿ ಬಂದವಳು, ಯಾಕೋ ಮುಖ ಚಿಕ್ಕದು ಮಾಡಿಕೊಂಡಿದ್ದಳು.

"ಚಿಕ್ಕಮ್ಮ, ಅಮ್ಮಂಗೆ ಪಾಪು ಆಗುತ್ತಂತೆ."

ಸೂಜಿ ನಿಂತಿತು. "ಯಾರು ಹೇಳಿದ್ದು?"

"ಅಮ್ಮನೇ. 'ನಾನು ಬಸುರಿ, ಅಪ್ಪಂಗೆ ಹೇಳೋಕೆ ಭಯ' ಅಂದ್ಲು." ಹುಡುಗಿ ಪರದೆಯ ದಾರವೊಂದನ್ನು ಬೆರಳಿಗೆ ಸುತ್ತಿಕೊಂಡಳು. "ಸತ್ತೋದವರಿಗೆ ಪಾಪು ಆಗುತ್ತಾ?"

ಅವಳು ಬಟ್ಟೆ ಕೆಳಗಿಟ್ಟು ಎದ್ದಳು. ಮೊದಲು ಆ ಫೋನನ್ನು ಆರಿಸಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು. ಆದರೆ ಗಂಡ ಆಗಲೇ ಕೆಲಸದಿಂದ ಬಂದು ಸಿಂಕಿನ ಮುಂದೆ ನಿಂತಿದ್ದ. ಕೈಗೆ ಮೆತ್ತಿದ ಗ್ರೀಸನ್ನು ಸೋಪಿನಿಂದ ಉಜ್ಜುತ್ತ, ಎಂದಿನಂತೆ ಫ್ರಿಜ್ಜಿನ ಕಡೆ ಬೆನ್ನು ಮಾಡಿಕೊಂಡೇ "ಏನು ಸಮಾಚಾರ?" ಎಂದ.

"ರೀ," ಎಂದಿತು ದನಿ, ಹಿಂಜರಿದು. "ನಾನು ಬಸುರಿ. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಬೇಡ ಅಂದ್ಬಿಟ್ರೆ ನಾನೆಲ್ಲಿಗೆ ಹೋಗ್ಲಿ?"

ಬಾಗಿಲಲ್ಲಿ ಅವಳು ಹಾಗೇ ನಿಂತಳು. ತನ್ನ ಮಾತು, ತಾನು ಉಸಿರೆಳೆದುಕೊಂಡ ಜಾಗವೂ ಸೇರಿ, ಇನ್ನೊಬ್ಬಳ ಗಂಟಲಿನಿಂದ ಬರುತ್ತಿತ್ತು.

ಅವನ ಕೈ ನಲ್ಲಿಯ ಕೆಳಗೇ ನಿಂತುಬಿಟ್ಟಿತು. ಅವನು ದಡ್ಡನಲ್ಲ, ಯಂತ್ರವೆಂದರೇನೆಂದು ತಿಳಿದವನು. ಆದರೂ ಮೆಲ್ಲಗೆ ತಿರುಗಿದ ಅವನ ಮುಖದ ಮೇಲೆ ಅವಳು ಈವರೆಗೆ ಕಾಣದ ಒಂದು ಬೆಳಕಿತ್ತು. ಹತ್ತು ವರ್ಷ ಚಿಕ್ಕವನಾಗಿದ್ದ.

"ಬೇಡ ಅಂತೀನಾ? ಹುಚ್ಚಿ," ಎಂದ ಫೋನಿಗೆ. "ಎಷ್ಟು ವರ್ಷ ಕಾದಿದ್ವಿ ನಾವು."

ತನ್ನನ್ನು ಅವನು ಎಂದೂ ಹುಚ್ಚಿ ಎಂದಿರಲಿಲ್ಲ. ಕರೆಯುವುದಾದರೆ "ಇಲ್ಲಿ ನೋಡು" ಎನ್ನುತ್ತಿದ್ದ. ವಾರಗಟ್ಟಲೆ ಯಾವ ಉತ್ತರಕ್ಕಾಗಿ ಜೀವ ಹಿಡಿದುಕೊಂಡಿದ್ದಳೋ ಆ ಉತ್ತರ ಅವಳ ಕಣ್ಣೆದುರೇ ಇನ್ನೊಬ್ಬಳಿಗೆ ಹೋಯಿತು.

"ಅದು ನಾನು," ಎಂದಳು.

ಅವನು ಬೆಚ್ಚಿದ.

"ಅಕ್ಕ ಅಲ್ಲ. ನಾನು. ನಾನು ಹೇಳಿದ್ದನ್ನೇ ಅದು ಹೇಳ್ತಿದೆ."

ಅವನ ಕಣ್ಣು ಅವಳ ಮುಖಕ್ಕೆ ಬಂತು, ಹೊಟ್ಟೆಗೆ ಇಳಿಯಿತು, ಮತ್ತೆ ಮೇಲಕ್ಕೆ ಬಂತು. ಆ ಬೆಳಕು ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ಅವನ ಮುಖದಲ್ಲೇ ಸ್ವಲ್ಪ ಹೊತ್ತು ತಡವರಿಸಿ ಆರಿತು. ಅದು ಆರಿದ್ದನ್ನು ಅವಳು ನೋಡಿದಳು. ನೋಡಿದಳೆಂದು ಅವನಿಗೂ ತಿಳಿಯಿತು. ನಲ್ಲಿ ನಿಲ್ಲಿಸಿದ.

"ನನಗ್ಯಾಕೆ ಹೇಳ್ಲಿಲ್ಲ?"

"ಕೇಳಿಸ್ಕೊಂಡ್ರಲ್ಲ, ಯಾಕೆ ಅಂತ."

"ಬೇಡ ಅಂತ ನಾನು ಅನ್ನಲ್ಲ."

"ಅದನ್ನೂ ಕೇಳಿಸ್ಕೊಂಡೆ."

ಅವನು ಸ್ಟೂಲಿನ ಮೇಲೆ ಕೂತ. ಸೋಪಿನ ನೊರೆ ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಇಬ್ಬರೂ ಊಟ ಮಾಡಿದ್ರಾ?" ಎಂದು ಕೇಳಿತು ಫ್ರಿಜ್ಜಿನ ಮೇಲಿನ ದನಿ, ಅಕ್ಕರೆಯಿಂದ.

ಮರುದಿನ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆ, "ಅದನ್ನ ತೆಗೆಸಿಬಿಡ್ತೀನಿ," ಎಂದ. ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು ನಿಂತಿದ್ದ ಗುಬ್ಬಿ ಅಪ್ಪನನ್ನು ನೋಡಲಿಲ್ಲ, ಚಿಕ್ಕಮ್ಮನನ್ನೂ ನೋಡಲಿಲ್ಲ; ಗೋಡೆ ನೋಡುತ್ತ ನಿಂತಳು.

"ಬೇಡ," ಎಂದಳು ಅವಳು. "ಗುಬ್ಬಿಗೆ ತಾಯಿ ಅದು. ಅವಳ ರೂಮಲ್ಲಿರ್ಲಿ. ಅಡುಗೆಮನೇಲಿ ಬೇಡ."

ಫೋನು ಹುಡುಗಿಯ ಕೋಣೆ ಸೇರಿತು. ಗಂಡ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಡಾಕ್ಟರ ಹತ್ತಿರ ಜೊತೆಗೆ ಬಂದ, ಭಾರ ಎತ್ತಲು ಬಿಡಲಿಲ್ಲ, ಬಣ್ಣ ಹೋಗಿದ್ದ ಹಳೆಯ ತೊಟ್ಟಿಲನ್ನು ಉಜ್ಜಿ ಹೊಸದರಂತೆ ಮಾಡಿದ. ಒಮ್ಮೆ ಅವಳು ಸ್ಟೂಲು ಹತ್ತಿ ನಿಂತದ್ದನ್ನು ಕಂಡು "ಇಳಿಯೇ ಹುಚ್ಚಿ," ಎಂದ. ಅಂದ ಕೂಡಲೇ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಮತ್ತೆ ಅವನು ಆ ಮಾತು ಆಡಲಿಲ್ಲ.

ಮಧ್ಯಾಹ್ನಗಳು ಉದ್ದವಾದವು. ದಾರ ಕತ್ತರಿಸುವಾಗ ಯಂತ್ರದ ಸದ್ದು ನಿಂತರೆ ಅವಳ ಕಿವಿ ತಾನಾಗಿ ಗುಬ್ಬಿಯ ಕೋಣೆಯ ಕಡೆ ಹೋಗುತ್ತಿತ್ತು. ಹೊಟ್ಟೆಯೊಳಗೆ ಮಗು ಮೊದಲ ಬಾರಿ ಮಿಸುಕಿದಾಗ ಬಾಯಿಗೆ ಬಂದ "ಅಕ್ಕಾ" ಎಂಬ ಮಾತನ್ನು ನುಂಗಿಕೊಂಡಳು. ಎದ್ದು ಹೋಗಲಿಲ್ಲ. ಸಂಜೆ ಮಾತ್ರ, ಹುಡುಗಿ ಬಾಗಿಲು ಓರೆ ಮಾಡಿಕೊಂಡು ತಾಯಿಯ ಜೊತೆ ಮಾತಾಡುವಾಗ, ಆ ದನಿ ಮನೆಯಲ್ಲೆಲ್ಲ, ಅವಳ ಬಸಿರಿನೊಳಗೂ, ಸುಳಿಯುತ್ತಿತ್ತು. ಅದಕ್ಕೆ ಯಾರೇನು ಮಾಡಲಾಗುತ್ತದೆ?

ಮಗು ಹುಟ್ಟಿತು, ಗಂಡು. ಹಗಲೆಲ್ಲ ನಿದ್ದೆ ಮಾಡಿ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳಲು ಶುರು ಮಾಡುತ್ತಿತ್ತು. ಹಾಲು ಕೊಟ್ಟರೂ ಅಳು, ತೂಗಿದರೂ ಅಳು. ಕೆಲವು ಮಕ್ಕಳು ಹಾಗೇ, ತಾನೇ ನಿಲ್ಲುತ್ತದೆ ಎಂದರು ಡಾಕ್ಟರು. ತಮ್ಮ ಹುಟ್ಟಿದ ಮೇಲೆ ಆಸ್ಪತ್ರೆ, ನೆಂಟರು ಎಂದು ಓಡಾಟದಲ್ಲೇ ಇದ್ದ ಗುಬ್ಬಿ ಎಷ್ಟೋ ದಿನ ಅಮ್ಮನನ್ನು ಮಾತಾಡಿಸಿರಲಿಲ್ಲ. ಒಂದು ಸಂಜೆ ಮತ್ತೆ ಕೋಣೆ ಸೇರಿ ಬಾಗಿಲು ಓರೆ ಮಾಡಿಕೊಂಡಳು.

ಇವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ಗಂಡ ಒದ್ದೆ ಬಟ್ಟೆಗಳನ್ನು ಕುರ್ಚಿಯ ಬೆನ್ನಿಗೆ ಹರವುತ್ತಿದ್ದ. ಓರೆಯಾದ ಬಾಗಿಲಾಚೆ ಹುಡುಗಿ ಏನೋ ಹೇಳಿದಳು. ಆ ದನಿ ನಕ್ಕಿತು, ನಗುತ್ತಲೇ ಮಾತು ಮುಂದುವರಿಸಿತು.

ಮಗು ಅಳುವುದನ್ನು ನಿಲ್ಲಿಸಿತು.

ಇನ್ನೂ ನಿಲ್ಲದ ಕುತ್ತಿಗೆಯ ಮೇಲೆ ಪುಟ್ಟ ತಲೆ ಅಲುಗಾಡುತ್ತ ಅವಳ ಕೆನ್ನೆಯಿಂದ ಬೇರೆಯಾಯಿತು; ಮೆಲ್ಲಗೆ ಆ ಬಾಗಿಲ ಕಡೆಗೆ ಹೊರಳಿತು. ಗಂಡನ ಕೈ ಕುರ್ಚಿಯ ಮೇಲೇ ನಿಂತಿತು. ಅವಳು ಇಟ್ಟ ಹೆಜ್ಜೆಯಲ್ಲೇ ನಿಂತಿದ್ದಳು. ಒಳಗಿನ ಮಾತು ಸಾಗಿಯೇ ಇತ್ತು. ಬಾಗಿಲ ಸಂದಿಯಿಂದ ಬಿದ್ದ ಬೆಳಕಿನ ಗೆರೆಯಲ್ಲಿ ಮಗುವಿನ ಒದ್ದೆ ಕಣ್ಣುಗಳು ರೆಪ್ಪೆ ಬಡಿಯದೆ ತೆರೆದಿದ್ದವು.