ಎರಡೂ ಎಡತೋಳಿನ ಕೋಟು

ಟೈಲರಕ್ಕನ ಕತ್ತರಿ ತಪ್ಪುವುದಿಲ್ಲ ಎಂದು ಬೀದಿಯಲ್ಲೆಲ್ಲ ಮಾತು. ಹದಿನೆಂಟು ವರ್ಷದಿಂದ ಅವಳು ಹೊಲಿಯುವುದು ಬಿಳಿ ಬಟ್ಟೆ ಮಾತ್ರ. ಡಾಕ್ಟರ ಕೋಟು, ನರ್ಸುಗಳ ಯೂನಿಫಾರ್ಮು, ಲ್ಯಾಬಿನವರ ಏಪ್ರನ್ನು. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಕಾಲರನ್ನು ನೆಟ್ಟಗೆ ಕೂರಿಸುತ್ತಾಳೆ ಎನ್ನುವುದು ಅವಳ ಗಂಡನ ತಮಾಷೆ. ಅಂಥವಳು ಒಂದು ಬೆಳಿಗ್ಗೆ ಮುಗಿಸಿದ ಕೋಟನ್ನು ಹ್ಯಾಂಗರಿಗೆ ಹಾಕಿ ನೋಡುತ್ತಾಳೆ, ಎರಡೂ ಎಡತೋಳು.

ನಗು ಬರಬೇಕಿತ್ತು, ಬರಲಿಲ್ಲ. ಎರಡನೆಯ ತೋಳನ್ನು ಕತ್ತರಿಸಿದ್ದು ಅವಳಿಗೆ ನೆನಪಿಲ್ಲ, ಹೊಲಿದದ್ದೂ ನೆನಪಿಲ್ಲ. ಹೊಲಿಗೆ ಮಾತ್ರ ಅವಳದೇ. ಅವಳ ಕೈಯನ್ನು ಯಾರೋ ಎರವಲು ಪಡೆದು, ಕೆಲಸ ಮುಗಿಸಿ, ವಾಪಸ್ ಇಟ್ಟು ಹೋದ ಹಾಗಿತ್ತು.

ಈ ಬಾಡಿಗೆ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿಂದೊಂದು ಕೋಣೆ, ಅಡುಗೆ ಮನೆ. ಮೆಷಿನ್ನಿನ ಬೆನ್ನ ಹಿಂದಿನ ಗೋಡೆಯಾಚೆಗೇ ಬಚ್ಚಲು. ಬಚ್ಚಲಲ್ಲಿ ಓನರು ಹಾಕಿಸಿಕೊಟ್ಟ ಗ್ಯಾಸ್ ಗೀಸರ್. ಮನೆ ನೋಡಲು ಬಂದ ದಿನವೇ ಟೈಲರಕ್ಕ ಗಮನಿಸಿದ್ದಳು, ಬಚ್ಚಲಿನ ಮೇಲಿದ್ದ ಗಾಳಿಗಿಂಡಿಗೆ ಸಿಮೆಂಟು ಮೆತ್ತಿತ್ತು. ಕೇಳಲಿಲ್ಲ. ಗೋಡೆ ಓನರದು, ಕಿಂಡಿಯೂ ಓನರದು. ಅಲ್ಲದೆ ಧೂಳು ಬರದಿದ್ದರೆ ಅವಳಿಗೇ ಒಳ್ಳೆಯದು. ಬಿಳಿ ಬಟ್ಟೆಯ ಕೆಲಸದವಳಿಗೆ ಧೂಳಿಗಿಂತ ದೊಡ್ಡ ಶತ್ರು ಯಾರು? ಬಂದ ವಾರದಲ್ಲೇ ಅವಳು ಮಿಕ್ಕ ಚಿಂದಿಯನ್ನೆಲ್ಲ ತುಂಬಿ, ಉದ್ದುದ್ದ ದಿಂಬು ಹೊಲಿದು, ಕಿಟಕಿಯ ಸಂದಿಗೆ, ಬಾಗಿಲ ಅಡಿಗೆ ಒತ್ತಿಟ್ಟಿದ್ದಳು. ಒಂದು ಸೂಜಿಯ ಮೊನೆಯಷ್ಟೂ ಗಾಳಿ ಆಡದ ಹಾಗೆ, ಅಷ್ಟು ಅಚ್ಚುಕಟ್ಟಾಗಿ.

ಆಮೇಲೆ ಶುರುವಾಯಿತು ನೋಡಿ.

ಮೊದಲು ಅತ್ತೆ. "ಯಾರೋ ಮೆಷಿನ್ ಮುಂದೆ ಕೂತಿದ್ರು ಕಣಮ್ಮ," ಎಂದರು ಒಂದು ಬೆಳಿಗ್ಗೆ. "ಬಿಳಿ ಬಟ್ಟೆ. ನಂಗೆ ಬೆನ್ನು ಮಾಡಿದ್ರು. ನೀನು ಅಂದ್ಕೊಂಡೆ. ತಿರುಗಿದ್ರೆ ನೀನು ಬಾಗಿಲಲ್ಲಿದ್ದೆ."

"ಹ್ಯಾಂಗರಲ್ಲಿದ್ದ ಕೋಟು ನೋಡಿರ್ತೀರಿ ಅತ್ತೆ."

"ಕೋಟಿಗೆ ತಲೆ ಇರತ್ತಾ?"

ಟೈಲರಕ್ಕ ಎದ್ದು ಕೋಟನ್ನು ಹ್ಯಾಂಗರಿಂದ ಇಳಿಸಿ ಮಡಚಿಟ್ಟಳು. ಅವಳ ಕಿವಿಯಲ್ಲೂ ಕೆಲವು ದಿನಗಳಿಂದ, ಮೆಷಿನ್ನು ನಿಲ್ಲಿಸಿದ ಮೇಲೂ, ಯಾರೋ ಪೆಡಲು ತುಳಿಯುತ್ತಿರುವ ಸದ್ದು ಗುಂಯ್‌ಗುಡುತ್ತಿತ್ತು.

ಆಮೇಲೆ ಮಗಳು. ಒಂಬತ್ತು ವರ್ಷದ ಪುಟ್ಟಿ ಸ್ನಾನ ಮಾಡುತ್ತಾ ಗಟ್ಟಿಯಾಗಿ ಮಗ್ಗಿ ಹೇಳುವವಳು. ಒಂದರಿಂದ ಶುರುವಾಗಿ ಹನ್ನೆರಡರ ಮಗ್ಗಿ ಮುಗಿದರೆ ಸ್ನಾನ ಮುಗಿಯಿತು ಎಂದು ಲೆಕ್ಕ. ಈಚೆಗೆ ಅವಳು ನಡುವೆ ನಿಲ್ಲಿಸಿಬಿಡುತ್ತಿದ್ದಳು. "ಯಾಕೆ ಪುಟ್ಟಿ ನಿಲ್ಲಿಸ್ದೆ?" ಎಂದರೆ, "ನಿಲ್ಲಿಸಲಿಲ್ಲಮ್ಮ, ಯಾರೋ ಅಳಿಸಿಬಿಟ್ರು," ಎನ್ನುತ್ತಿದ್ದಳು. ಹಲಗೆ ಮೇಲಿನ ಅಕ್ಷರ ಅಳಿಸಿದ ಹಾಗಂತೆ. ತಿಂಡಿ ಮುಟ್ಟುತ್ತಿರಲಿಲ್ಲ, ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

ಗಂಡ ಬಸ್ ಡ್ರೈವರು. ಬೆಳಕು ಹರಿಯುವ ಮುಂಚೆಯೇ ಹೊರಡುವವನು, ಸ್ನಾನವೂ ಡಿಪೋದಲ್ಲೇ. ಇದನ್ನೆಲ್ಲ ಕೇಳಿ ಅವನು ನಕ್ಕುಬಿಟ್ಟ.

"ನಂಗ್ಯಾಕೆ ಕಾಣಲ್ಲ? ನಿಮ್ಮ ದೆವ್ವಕ್ಕೆ ಡ್ರೈವರ್ ಕಂಡ್ರೆ ಭಯನಾ?"

"ತಮಾಷೆ ಬೇಡ ರೀ. ಬಚ್ಚಲಲ್ಲೇ ಏನೋ ಇದೆ. ಓನರ್ ಹತ್ರ ಒಂದು ಮಾತು ಹೇಳೋಣ."

"ಏನಂತ ಹೇಳ್ತೀಯ? ನಿಮ್ಮ ಮನೇಲಿ ದೆವ್ವ ಇದೆ ಅಂತಾನಾ? ನಾಳೆನೇ ಖಾಲಿ ಮಾಡಿ ಅಂತಾರೆ. ಸಿಕ್ಕಿರೋ ಮನೆ ಕಳ್ಕೋಬೇಡ, ಸುಮ್ನಿರು."

ಆದರೂ ಓನರು ನಲ್ಲಿ ನೋಡಲು ಬಂದಾಗ ಅವಳು ಬಾಯಿಬಿಟ್ಟಳು. ಗಾಳಿಗಿಂಡಿ ತೆರೆಸಿಕೊಡಿ ಎಂದು ಕೇಳುವ ಬದಲು, ಮನೆಯಲ್ಲಿ ಎಲ್ಲರಿಗೂ ಒಂಥರಾ ಆಗುತ್ತಿದೆ ಎಂದಷ್ಟೇ ಗೊಣಗಿದಳು.

ಓನರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಿಮ್ಗಿಂತ ಮುಂಚೆ ಇದ್ದೋರೂ ಹೀಗೇ ಏನೇನೋ ಅಂತಿದ್ರು. ಬಿಟ್ಟು ಹೋದ್ರು. ನೋಡಮ್ಮ, ಮನೆ ಚೆನ್ನಾಗೇ ಇದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಬಾಯಿಗೂ ಬೀಗ ಹಾಕಿಕೊಂಡಳು. ತಪ್ಪಾಗಿದ್ದು ಅಲ್ಲೇ.

ಎಡತೋಳಿನ ಕೋಟು ಹೊಲಿದದ್ದು ಇದಾದ ಎಂಟು ದಿನಕ್ಕೆ. ಅದರ ಅಳತೆ ಕೊಟ್ಟಿದ್ದ ನರ್ಸಮ್ಮ ಅದೇ ಬೆಳಿಗ್ಗೆ ಬಂದರು. ಆಚೆ ಬೀದಿಯ ಚಿಕ್ಕ ಆಸ್ಪತ್ರೆಯವರು, ಮಾತಿನ ಮಲ್ಲಿ. ಅವರು ಬಾಗಿಲು ತಳ್ಳಿದರೆ ಚಿಂದಿ ದಿಂಬು ಅಡ್ಡ ಸಿಕ್ಕಿ ಬಾಗಿಲು ತೆರೆಯಲಿಲ್ಲ. ತಳ್ಳಿಕೊಂಡೇ ಒಳಗೆ ಬಂದು, ಕೋಟು ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಬಿದ್ದು ಬಿದ್ದು ನಕ್ಕರು.

"ಇದೇನು ಟೈಲರಕ್ಕ, ನಂಗೆ ಬಲಗೈ ಇಲ್ಲ ಅಂದ್ಕೊಂಡ್ರಾ?"

ಟೈಲರಕ್ಕ ನಗುವ ಬದಲು ಅತ್ತುಬಿಟ್ಟಳು. ತೋಳು, ಪೆಡಲಿನ ಸದ್ದು, ಅತ್ತೆ ಕಂಡ ಬೆನ್ನು, ಎಲ್ಲ ಹೇಳಿಕೊಂಡಳು. ನರ್ಸಮ್ಮನ ನಗು ಆರಿಹೋಯಿತು.

"ತಲೆನೋವು ಇದೆಯಾ?"

"ದಿನಾ ಬೆಳಿಗ್ಗೆ. ತಲೆ ಸುತ್ತತ್ತೆ. ಹೊಟ್ಟೆ ತೊಳಸತ್ತೆ."

"ಅತ್ತೆಗೆ? ಮಗೂಗೆ?"

"ಎಲ್ಲಾರ್ಗೂ. ಇವರಿಗೆ ಮಾತ್ರ ಇಲ್ಲ."

"ಹೊರಗೆ ಹೋದ್ರೆ?"

"ದಾರ ತರೋಕೆ ಅಂಗಡಿಗೆ ಹೋದ್ರೆ ಸ್ವಲ್ಪ ಹೊತ್ತಿಗೆ ಹಗುರ ಆಗತ್ತೆ ಸಿಸ್ಟರ್. ಮನೆಗೆ ಬಂದ್ರೆ ಮತ್ತೆ."

"ನಿಮ್ಮ ದೆವ್ವ ಅಂಗಡಿ ತನಕ ಬರಲ್ವಾ ಹಾಗಾದ್ರೆ?" ನರ್ಸಮ್ಮ ಹಣೆ ಒತ್ತಿಕೊಂಡರು. "ನಂಗೂ ತಲೆ ಭಾರ ಆಗ್ತಿದೆ. ಬೆಳಿಗ್ಗೆಯಿಂದ ಈ ಮನೇಲಿ ಏನು ಉರೀತಿದೆ?"

"ಏನೂ ಇಲ್ಲ. ಗೀಸರ್ ಅಷ್ಟೇ. ಅತ್ತೆ ಸ್ನಾನ ಆಯ್ತು. ಆಮೇಲೆ ಕತ್ತರಿಸೋ ಮುಂಚೆ ಬಟ್ಟೆ ಬಿಸಿನೀರಲ್ಲಿ ನೆನೆಸಬೇಕಲ್ವಾ, ಇಲ್ಲಾಂದ್ರೆ ಹೊಲಿದ ಮೇಲೆ ಕುಗ್ಗತ್ತೆ. ಅದಕ್ಕೆ ನಾಲ್ಕು ಬಕೆಟ್ ಹಿಡಿದೆ. ಈಗ ಪುಟ್ಟಿ ಸ್ನಾನ ಮಾಡ್ತಿದ್ದಾಳೆ."

ಇಬ್ಬರೂ ಒಟ್ಟಿಗೇ ಬಚ್ಚಲ ಕಡೆ ಕಿವಿಗೊಟ್ಟರು. ನೀರು ಬೀಳುವ ಸದ್ದು ಕೇಳುತ್ತಿತ್ತು. ಗೀಸರ್ ಉರಿಯುವ ಸದ್ದು ಕೇಳುತ್ತಿತ್ತು. ಮಗ್ಗಿ ಕೇಳುತ್ತಿರಲಿಲ್ಲ. ಏಳಾರ್ಲಿ ನಲವತ್ತೆರಡು ಎಂದದ್ದು ಟೈಲರಕ್ಕನಿಗೆ ಎಲ್ಲೋ ನೆನಪಿತ್ತು. ಆಮೇಲೆ ಏನೂ ಇಲ್ಲ.

"ಪುಟ್ಟೀ," ಎಂದು ಕೂಗಿದಳು. ನೀರು ಮಾತ್ರ ಸುರಿಯುತ್ತಲೇ ಇತ್ತು.

ಚಿಲಕ ಒಳಗಿಂದ ಹಾಕಿತ್ತು. ಇಬ್ಬರೂ ಭುಜ ಕೊಟ್ಟು ಗುದ್ದಿದರು. ಮೂರನೆಯ ಗುದ್ದಿಗೆ ಚಿಲಕ ಕಿತ್ತು ಬಂತು. ಪುಟ್ಟಿ ಗೋಡೆಗೆ ಒರಗಿ ಕೂತಿದ್ದಳು, ತಲೆ ಎದೆಯ ಮೇಲೆ ಬಿದ್ದಿತ್ತು. ನಿದ್ದೆ ಹೋದವಳ ಹಾಗೆ ಮುಖ ಶಾಂತವಾಗಿತ್ತು. ಟೈಲರಕ್ಕ ಅವಳ ಕೆನ್ನೆ ತಟ್ಟಿದಳು, ಕಣ್ಣು ತೆರೆಯಲಿಲ್ಲ.

"ಉಸಿರು ಬಿಗಿಹಿಡೀರಿ. ಎತ್ತಿ. ಹೊರಗೆ, ಬೀದಿಗೆ. ಅತ್ತೆ, ನೀವೂ ಹೊರಗೆ ಬನ್ನಿ, ಏನೂ ತಗೋಬೇಡಿ," ಎಂದು ನರ್ಸಮ್ಮ ಗ್ಯಾಸ್ ತಿರುಗಿಸಿ ನಿಲ್ಲಿಸಿದರು. ಬಾಗಿಲ ಅಡಿಯ ಚಿಂದಿ ದಿಂಬನ್ನು ಕಾಲಲ್ಲಿ ಒದ್ದು ದಾರಿ ಮಾಡಿದರು. ಟೈಲರಕ್ಕ ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದಳು.

ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಗ್ಯಾಸ್ ಸರಿಯಾಗಿ ಉರಿಯದೆ ಬರುವ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್, ಎಂದರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗದೆ ರಕ್ತಕ್ಕೆ ಇಳಿಯುತ್ತದೆ, ತಲೆಯನ್ನು ಮಂಕು ಮಾಡುತ್ತದೆ. ಇಲ್ಲದ್ದು ಕಾಣುತ್ತದೆ, ಆದದ್ದು ಮರೆಯುತ್ತದೆ. ಡಿಪೋದಿಂದ ಓಡಿ ಬಂದ ಗಂಡ ಗೋಡೆ ಹಿಡಿದು ನಿಂತಿದ್ದ. ಸುಮ್ನಿರು ಎಂದವನೇ ಅವನು.

ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಕಣ್ಣು ಬಿಟ್ಟಳು. ನರ್ಸಮ್ಮ ಬಗ್ಗಿ, "ಏಳರ ಮಗ್ಗಿ ಬರತ್ತಾ ಪುಟ್ಟಿ?" ಎಂದರು. ಮಗು ಬಹಳ ಹೊತ್ತು ಚಾವಣಿ ನೋಡಿತು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಾದಳು.

"ಏಳೇಳ್ಲಿ ನಲವತ್ತೊಂಬತ್ತು," ಎಂದಿತು ಮಾಸ್ಕಿನೊಳಗಿನ ದನಿ. ಟೈಲರಕ್ಕ ಮಗಳ ಅಂಗೈಯನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು.

ಮರುದಿನ ಗ್ಯಾಸ್ ರಿಪೇರಿಯವನು ಬಚ್ಚಲು ನೋಡಿದ. ಗೀಸರಿನ ಹೊಗೆ ಪೈಪು ಸೀದಾ ಹೋಗಿ ಸಿಮೆಂಟು ಮೆತ್ತಿದ ಕಿಂಡಿಗೆ ಮುಟ್ಟಿ ನಿಂತಿತ್ತು. ಹೊಗೆಗೆ ಹೊರದಾರಿಯೇ ಇರಲಿಲ್ಲ. ಓನರನ್ನು ಕರೆಸಿದರು. ಅವರು ಮುಖ ಗಂಟಿಕ್ಕಿಕೊಂಡೇ ಬಂದರು.

"ಪಾರಿವಾಳ ಗೂಡು ಕಟ್ತಿದ್ವು, ಮುಚ್ಚಿಸ್ದೆ. ಅದೇನು ಕೊಲೆನಾ? ಇವರೂ ಕಿಟಕಿಗೆಲ್ಲ ಬಟ್ಟೆ ತುರುಕಿದ್ದಾರಲ್ಲ?"

"ತುರುಕಿದ್ದು ನನ್ನ ತಪ್ಪೇ," ಎಂದಳು ಟೈಲರಕ್ಕ. ಈ ಸಲ ಅವಳು ಗೊಣಗಲಿಲ್ಲ. "ನಾನು ಹೊಲಿದ ದಿಂಬುಗಳನ್ನೆಲ್ಲ ಬಿಚ್ಚಿ ಹಾಕಿದ್ದೀನಿ. ನಿಮ್ಮ ಗೋಡೆ ಮಾತ್ರ ನಾನು ಬಿಚ್ಚೋ ಹಾಗಿಲ್ಲ."

ನರ್ಸಮ್ಮ ಸೇರಿಸಿದರು. "ನಾನೂ ಬಾಡಿಗೆ ಮನೆಯವಳೇ ಸರ್. ಬಾಡಿಗೆ ತಗೊಂಡ ಮೇಲೆ ಮನೆ ಮನುಷ್ಯರು ಬದುಕೋ ಹಾಗೆ ಇರಬೇಕು. ಗಾಳಿ ಬೇಕು, ನೀರು ಬೇಕು, ಮುಟ್ಟಿದ್ರೆ ಶಾಕ್ ಹೊಡೀದೆ ಇರೋ ಸ್ವಿಚ್ ಬೇಕು. ನೀವು ಹಾಕಿಸಿದ ಗೀಸರ್ ಸರಿ ಇದೆಯಾ ಅಂತ ನೋಡಿಸೋದು ನಿಮ್ಮ ಕೆಲಸ. ಇದು ದಯೆ ಕೇಳ್ತಿರೋದಲ್ಲ."

"ಮುಂಚೆ ಇದ್ದೋರು ಯಾಕೆ ಬಿಟ್ಟು ಹೋದ್ರು ಸರ್?" ಎಂದು ಕೇಳಿದ ಗಂಡ.

ಓನರು ಬಚ್ಚಲ ಹೊಸ್ತಿಲನ್ನು ನೋಡುತ್ತಾ, "ಅವರ ಮನೇಲಿ ಒಬ್ರು ತಾತ ಇದ್ರು," ಎಂದರು. "ಸ್ನಾನಕ್ಕೆ ಹೋಗಿ ಜಾರಿ ಬಿದ್ದು ತೀರ್ಕೊಂಡ್ರು ಅಂದ್ರು. ವಯಸ್ಸಾಗಿತ್ತು, ನಾನೂ ಹಾಗೇ ಅಂದ್ಕೊಂಡೆ."

ಅತ್ತೆ ಮೆಷಿನ್ನಿನ ಮುಂದಿನ ಖಾಲಿ ಸ್ಟೂಲನ್ನು ನೋಡಿ, ಆ ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಟೈಲರಕ್ಕ ಅಂದೇ ಮನೆಯಲ್ಲಿ ಆಗಬೇಕಾದ ರಿಪೇರಿಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಓನರ ಕೈಗೆ ಕೊಟ್ಟಳು. ಇನ್ನೊಂದು ಪ್ರತಿಯ ಮೇಲೆ ತಾರೀಕು ಹಾಕಿಸಿ, ಸಹಿ ಮಾಡಿಸಿ, ತಾನು ಇಟ್ಟುಕೊಂಡಳು. ರಿಪೇರಿ ಮುಗಿಯುವ ತನಕ ಗೀಸರ್ ಮುಟ್ಟಲಿಲ್ಲ. ವಾರದೊಳಗೆ ಕಿಂಡಿಯ ಸಿಮೆಂಟು ಒಡೆಯಿತು. ಪಾರಿವಾಳ ಬರದಿರಲಿ ಎಂದು ಜಾಲರಿ ಬಂತು. ಗೀಸರ್ ಬಚ್ಚಲ ಹೊರಗೋಡೆಗೆ ಹೋಯಿತು, ಹೊಗೆ ಬಯಲಿಗೆ ಹೋಯಿತು. ಪೆಡಲಿನ ಸದ್ದೂ ಹೋಯಿತು.

ಎರಡೂ ಎಡತೋಳಿನ ಆ ಕೋಟನ್ನು ಬಿಚ್ಚಿ ಸರಿಮಾಡಲು ಟೈಲರಕ್ಕ ಕುಳಿತಾಗ ನರ್ಸಮ್ಮ ಬಿಡಲಿಲ್ಲ. ಈಗ ಅದು ಆಸ್ಪತ್ರೆಯಲ್ಲಿ, ಜನ ಸರದಿಗೆ ಕಾಯುವ ಬೆಂಚಿನ ಎದುರು ಮೊಳೆಗೆ ತೂಗುಬಿದ್ದಿದೆ. ಇದೇನು ಹೀಗೆ ಎಂದು ಕೇಳಿದವರಿಗೆಲ್ಲ ಅವರು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಬಚ್ಚಲಲ್ಲಿ ಗಾಳಿ ಆಡತ್ತಾ?

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮನ್ನೂ ಅದನ್ನೇ ಕೇಳುತ್ತೇವೆ. ಎದ್ದು ಹೋಗಿ ನೋಡಿ ಬನ್ನಿ. ಗ್ಯಾಸ್ ಗೀಸರ್ ಬಚ್ಚಲ ಒಳಗಿದ್ದರೆ, ಅದರ ಹೊಗೆಗೆ ಹೊರದಾರಿ ಇಲ್ಲದಿದ್ದರೆ, ಇವತ್ತೇ ನಿಲ್ಲಿಸಿ, ತಿಳಿದವರನ್ನು ಕರೆದು ತೋರಿಸಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ, ಕಾರಣ ಹುಡುಕುತ್ತ ಒಳಗೆ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಓನರ ಬಳಿ ಗೊಣಗಬೇಡಿ, ಬಿಡಿಸಿ ಹೇಳಿ, ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ಕಾನೂನು ಊರಿಂದೂರಿಗೆ ಬೇರೆ ಇರಬಹುದು, ನಿಮ್ಮೂರಿನ ಉಚಿತ ಕಾನೂನು ನೆರವಿನವರನ್ನು ಕೇಳಿ. ಮನೆ ಬಾಡಿಗೆಗೆ ಕೊಟ್ಟವರೇ, ನೀವು ಮುಚ್ಚಿಸಿದ ಕಿಂಡಿಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಪುಟ್ಟಿ ಈಗ ದಿನವೂ ಹನ್ನೆರಡರ ಮಗ್ಗಿ ಮುಗಿಸಿಯೇ ಬಚ್ಚಲಿಂದ ಹೊರಗೆ ಬರುತ್ತಾಳೆ. ಅವಳು ಹೇಳಿ ಮುಗಿಸುವ ತನಕ ಟೈಲರಕ್ಕ ಮೆಷಿನ್ನು ತುಳಿಯುವುದಿಲ್ಲ.