ನಿಂದೆಷ್ಟು, ಅಕ್ಕ?

ಸತ್ತ ವಾರಗಿತ್ತಿಯ ತಲೆ ಬಾಚುತ್ತಿದ್ದ ಹಿರಿಯವಳ ಬಾಚಣಿಗೆ ಎರಡು ಸಲ ಸಿಕ್ಕಿಕೊಂಡಿತು. ಒಂದೇ ವರ್ಷ, ಒಂದೇ ಔಷಧಿ, ಇಬ್ಬರ ಕೂದಲೂ ಉದುರಿತ್ತು. ಕಿರಿಯವಳಿಗೆ ಮಾತ್ರ ಮತ್ತೆ ಹೀಗೆ ದಟ್ಟವಾಗಿ ಬಂದಿತ್ತು. ಹೆಣದ ಕೂದಲಿಗೆ ಹೊಟ್ಟೆಕಿಚ್ಚು ಪಡುವುದು ಅತಿಯಾಯಿತೆಂದು ಹಿರಿಯವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಆರುತ್ತದೆಯೇ?

“ಮುಖದಲ್ಲಿ ಕಳೆ ಇನ್ನೂ ಹಾಗೇ ಇದೆ ನೋಡಿ,” ಎಂದಳು ಎದುರುಮನೆಯಾಕೆ.

“ಯಾವಾಗ್ಲೂ ನನಗಿಂತ ಒಂದು ಕೈ ಮೇಲೇ ಅವಳು,” ಎಂದಳು ಹಿರಿಯವಳು.

ಹಿರಿಯವಳ ಗಂಡ ಬಾಗಿಲಿಗೆ ಬಂದು ಫೋನು ಚಾಚಿದ. “ನಿನ್ನ ರಿಪೋರ್ಟ್ ಬಂದಿದೆ. ಇವತ್ತೇ ಬರ್ಬೇಕಿತ್ತಾ ಇದು.”

ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಮಾರ್ಕರ್ ಒಂದಕ್ಕಿಂತ ಕೆಳಗಿತ್ತು. ಕಡಿಮೆಯಾದಷ್ಟೂ ಒಳ್ಳೆಯದು. ಕಿರಿಯವಳದು ಒಂದೂವರೆಗಿಂತ ಕೆಳಗೆ ಎಂದೂ ಇಳಿದಿರಲಿಲ್ಲ. ಹಿರಿಯವಳಿಗೆ ಮೊದಲು ಬಂದದ್ದು ಸಂತೋಷ. ಕೊನೆಗೂ ಗೆದ್ದೆ ಎಂದುಕೊಂಡಳು.

*

ಪರದೆ ಹೊಲಿಯುವ ಅಂಗಡಿಯಲ್ಲಿ ಇಬ್ಬರ ಮಿಷನ್ನುಗಳೂ ಎದುರುಬದುರು. ಇವಳು ಆರು ಪರದೆ ಮುಗಿಸಿದರೆ ಅವಳು ಏಳು. ಗೆದ್ದಾಗಲೆಲ್ಲ ಕಿರಿಯವಳ ತುಟಿ ಎಡಕ್ಕೆ ಓರೆಯಾಗುತ್ತಿತ್ತು. ಅದನ್ನು ಕಂಡರೆ ಇವಳಿಗೆ ಮೈಯೆಲ್ಲ ಉರಿ.

ಗರ್ಭಕಂಠದ ಕ್ಯಾನ್ಸರ್ ಮೊದಲು ಗೊತ್ತಾದದ್ದು ಹಿರಿಯವಳಿಗೆ. ಜೊತೆಗೆ ಬಂದ ಕಿರಿಯವಳು ತಾನೂ ಪರೀಕ್ಷೆ ಮಾಡಿಸಿಕೊಂಡಳು, ಅವಳಿಗೂ ಇತ್ತು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಹಿರಿಯವಳತ್ತ ತಿರುಗಿ ಹೇಳಿದ್ದರು: “ಇವರದು ವೈರಸ್‌ನಿಂದ ಬಂದಿದ್ದು. ಅಂಥದ್ದು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ. ನಿಮ್ಮದರಲ್ಲಿ ವೈರಸ್ ಸಿಕ್ಕಿಲ್ಲ. ಸ್ವಲ್ಪ ಹಟಮಾರಿ ಜಾತಿ. ಆದ್ರೂ ಇದೆಲ್ಲ ಅಂದಾಜು, ಹೋಲಿಸ್ಕೋಬೇಡಿ.”

ಹೋಲಿಸಬೇಡಿ ಎಂದು ಯಾರಿಗೆ ಹೇಳುವುದು! ರೋಗದಲ್ಲೂ ಒಳ್ಳೆಯದು ಅವಳ ಪಾಲಿಗೇ ಬಿತ್ತಲ್ಲ ಎಂದು ಹಿರಿಯವಳು ಅವತ್ತು ಊಟ ಬಿಟ್ಟಳು. ಲೋಕದಲ್ಲಿ ವೈರಸ್ಸಿಗಾಗಿ ಕರುಬಿದವಳು ಅವಳೊಬ್ಬಳೇ ಇರಬೇಕು.

ಆಮೇಲೆ ಪ್ರತಿ ರಕ್ತಪರೀಕ್ಷೆಗೂ ಅದೇ ಪಾಡು.

“ನಂದು ಒಂದೂವರೆ. ನಿಂದೆಷ್ಟು, ಅಕ್ಕ?”

“ಆರು.”

ತುಟಿ ಓರೆ.

ರೋಸಿಹೋಗಿ ಒಮ್ಮೆ ಹಿರಿಯವಳು ಪರೀಕ್ಷೆಗೇ ಹೋಗಲಿಲ್ಲ. ಕಿರಿಯವಳು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದು ಅವಳ ಚಪ್ಪಲಿ ತಂದು ಮುಂದಿಟ್ಟಳು. “ಏಳು. ನೀನು ಹೋಗದಿದ್ರೆ ನಾನು ಯಾರನ್ನ ಸೋಲಿಸ್ಲಿ?”

ಆ ಏದುಸಿರನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾರ್ಕರ್ ಒಂದೂವರೆಯಲ್ಲೇ ಸುಮ್ಮನಿತ್ತು, ರೋಗ ಮಾತ್ರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗಿತ್ತು.

*

“ದೊಡ್ಡಮ್ಮ, ಹೊತ್ತಾಯ್ತು. ಹೊರಗೆ ಗಾಡಿ ಬಂದಿದೆ,” ಎಂದಳು ಕಿರಿಯವಳ ಮಗಳು. ಅತ್ತು ಅತ್ತು ಅವಳ ದನಿ ಕಟ್ಟಿತ್ತು.

“ಒಂದು ನಿಮಿಷ ಇರು. ಅವಳಿಗೊಂದು ಮಾತು ಹೇಳೋದಿದೆ.”

ಹಿರಿಯವಳು ಬಗ್ಗಿದಳು. ಎರಡು ವರ್ಷ ಸೋತಿದ್ದಳು, ಇವತ್ತು ಹೇಳದಿದ್ದರೆ ಇನ್ನು ಯಾರಿಗೆ ಹೇಳುವುದು? ಗೆದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಇನ್ನು ಮುಂದೆ ಪರೀಕ್ಷೆಯ ದಿನ ತನ್ನ ಚಪ್ಪಲಿ ತಂದು ಮುಂದಿಡುವವರು ಯಾರೂ ಇಲ್ಲ ಎನ್ನುವುದು ಹೊಳೆಯಿತು.

ತಣ್ಣಗಿದ್ದ ಕಿವಿಯ ಮೇಲಿನ ಕೂದಲು ಸರಿಸಿ, ಮೆಲ್ಲಗೆ ಅಂದಳು:

“ನಂದು ಏಳು ಕಣೇ. ಇನ್ನೂ ಜಾಸ್ತಿ ಆಗಿದೆ.”

“ಒಡಹುಟ್ಟಿದವರಲ್ಲೂ ಇಷ್ಟು ಅಕ್ಕರೆ ಇರಲ್ಲ,” ಎಂದು ಎದುರುಮನೆಯಾಕೆ ಕಣ್ಣೊರೆಸಿಕೊಂಡಳು.

ಗಾಡಿಯವರು ಒಳಗೆ ಬಂದು ಕಾದು ನಿಂತರು. ಹಿರಿಯವಳು ಪಕ್ಕಕ್ಕೆ ಸರಿಯಲಿಲ್ಲ. ಬಗ್ಗಿದವಳು ಬಗ್ಗಿದಂತೆಯೇ ಕಿರಿಯವಳ ತುಟಿಯ ಎಡಗಡೆಯನ್ನು ನೋಡುತ್ತಲೇ ಇದ್ದಳು.