ರಸವೆಲ್ಲ ನನ್ನದು

ಕೊಬ್ಬರಿಯ ಬಿಸಿ ವಾಸನೆ ಕಾಫಿ ಲೋಟದೊಳಕ್ಕೂ ಇಳಿದಿದೆ, ಎಣ್ಣೆ ಮಿಲ್ಲಿನ ಸದ್ದು ನೆಲದಿಂದ ಪಾದಕ್ಕೆ ಹತ್ತುತ್ತಿದೆ, ಮಾವ ಕೃತ್ತಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡುತ್ತಲೇ ಇದ್ದಾರೆ, ಎರಡು ವರ್ಷದ ನನ್ನ ಮಗಳು ಅವರ ಗಡಿಯಾರದ ಪಟ್ಟಿ ಕಚ್ಚುತ್ತಿದ್ದಾಳೆ, ಕಚ್ಚಲಿ — ನನ್ನ ಗಂಡ ದಿವಾಕರ್ ಹೋಗಿ ಇನ್ನೂ ವರ್ಷ ತುಂಬಿಲ್ಲ, ಮೇಟ್ಟುಪಾಳಯಂ ರಸ್ತೆ, ಲಾರಿ, ಅವನ ಬೈಕು, ಅದರಾಚೆಗೆ ಯೋಚಿಸುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೇನೆ — ಅವನ ಮಗಳನ್ನು ಅವನ ಅಪ್ಪ ಅಮ್ಮನಿಗೆ ತೋರಿಸೋಣವೆಂದು ಕಾಂಗೇಯಕ್ಕೆ ಬಂದರೆ ಇಲ್ಲಿ ಕೂರಿಸಿ ಬುದ್ಧಿ ಹೇಳುತ್ತಿದ್ದಾರೆ, ನೀನು ಚಿಕ್ಕವಳು, ತುಡಿಯಲೂರಿನಲ್ಲಿ ಒಬ್ಬಳೇ ಇದ್ದುಕೊಂಡು ಪಾಠ ಹೇಳಲು ಹೋಗುತ್ತೀಯ, ಬೇಕಾದರೆ ಇನ್ನೊಂದು ಮದುವೆ ಮಾಡಿಕೋ, ನಾವು ಅಡ್ಡ ಬರುವುದಿಲ್ಲ, ಮಗು ಮಾತ್ರ ಇಲ್ಲಿರಲಿ, ಆಮೇಲೆ ಆ ಮಾತು, ಮೆಲ್ಲಗೆ, ಕನಿಕರದಿಂದಲೇ ಅಂದರು, ಬೀಜ ನಮ್ದು ಅಮ್ಮಣಿ, ನೀ ಬರೀ ನೆಲ.

ನೆಲ, ನಾನು ನೆಲ — ನಿನ್ನೆ ತಾನೇ ಒಂಬತ್ತನೇ ತರಗತಿಗೆ ಹೈಡ್ರಿಲ್ಲಾ ಎಲೆ ತೋರಿಸಿದೆ, ಕೆರೆಯ ಗಿಡ, ಮೈಕ್ರೋಸ್ಕೋಪಿನಡಿ ಒಂದೊಂದು ಕೋಶವೂ ಗಾಜಿನ ಪೆಟ್ಟಿಗೆ, ದೀಪದ ಬಿಸಿ ತಾಗುತ್ತಲೇ ಒಳಗಿನ ರಸ ಗೋಡೆಗುಂಟ ಹರಿಯತೊಡಗಿತು, ಹಸಿರು ಕಣಗಳನ್ನು ಹೊತ್ತು ಸುತ್ತಿತು, ಓಡುದು ಮಿಸ್, ಓಡುದು, ಅಂದಳು ಮುಂದಿದ್ದ ಹುಡುಗಿ, ಓಡುತ್ತಿದೆ ಅಂತ, ಅದು ಸೈಟೋಪ್ಲಾಸಂ ಅಂದೆ, ಬರೀ ನೀರಲ್ಲ, ಉಂಡದ್ದು ಒಡೆದು ಶಕ್ತಿಯಾಗಲು ಶುರುವಾಗುವುದು ಇದರಲ್ಲಿ, ಮೈ ಕಟ್ಟುವ ಪ್ರೋಟೀನು ತಯಾರಾಗುವುದು ಇದರಲ್ಲಿ, ನ್ಯೂಕ್ಲಿಯಸ್ಸು ಏನೇ ಬರೆದಿಟ್ಟಿರಲಿ ಅದನ್ನು ಓದಿ ಮಾಡಿ ತೋರಿಸುವುದು ಈ ರಸವೇ — ಮಾವ, ನಿಮ್ಮ ಮಗ ಆ ಬರಹದ ಅರ್ಧ ತಂದ, ಆ ಮೂಗು, ಆ ಹಟ, ಇಲ್ಲ ಅನ್ನಲಾರೆ, ಆದರೆ ಅವನ ಅರ್ಧ ಎಚ್ಚರಾದದ್ದು ನನ್ನ ರಸದಲ್ಲಿ, ಇವಳ ಮೊದಲ ಕೋಶದ ತುಂಬ ಇದ್ದದ್ದು ಹೆಚ್ಚುಕಮ್ಮಿ ಎಲ್ಲ ನನ್ನದು, ಅದಕ್ಕೂ ಮೊದಲು, ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನೇಯಲು ಮಗ್ಗದ ಗುಂಡಿಗೆ ಇಳಿಯುತ್ತಿದ್ದ ನನ್ನಮ್ಮ ರಾಜಾಮಣಿಯದು, ಅದರಲ್ಲಿ ತೇಲುವ ಶಕ್ತಿಯ ಕಣಗಳು, ಮೈಟೋಕಾಂಡ್ರಿಯಾ, ತಾಯಿಯಿಂದ ಮಗಳಿಗೆ ಇಳಿಯುತ್ತವೆ, ಮಗನಿಗೂ ಇಳಿಯುತ್ತವೆ, ಆದರೆ ಮಗನಲ್ಲಿಗೆ ನಿಂತುಹೋಗುತ್ತವೆ — ಇದೆಲ್ಲ ಅವರ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ, ಆಗ ಕಂಬಕ್ಕೆ ಒರಗಿದ್ದ ಅತ್ತೆ ಕಂಡರು, ಪಳನಿಯಮ್ಮಾಳ್, ಒಬ್ಬನೇ ಮಗನನ್ನು ಹೆತ್ತವರು, ಅವರು ಕೊಟ್ಟದ್ದು ಅವನೊಂದಿಗೇ ಮುಗಿದುಹೋಯಿತು, ಅವರಿಗೆ ಅದು ಗೊತ್ತಿಲ್ಲ, ನನ್ನ ಬಾಯಿಂದ ಗೊತ್ತಾಗುವುದು ಬೇಡ.

ಪಾಠವನ್ನು ನುಂಗಿದೆ, ಎದ್ದೆ, ಮಗಳ ಕಂಕುಳಿಗೆ ಕೈಹಾಕಿ ಎತ್ತಿಕೊಂಡೆ, ನಾ ನೆಲ ಅಲ್ಲ ಮಾವ, ನಾ ಇವಳ ಅಮ್ಮ, ನಿಮಗೆ ನೋಡ್ಬೇಕು ಅಂದ್ರೆ ತುಡಿಯಲೂರಿಗೆ ಬನ್ನಿ, ಅಂದೆ, ಅವರು ನನ್ನನ್ನು ನೋಡಲೂ ಇಲ್ಲ, ಹೆಂಡತಿಯತ್ತ ತಿರುಗಿ, ಗೇಟು ಪೂಟ್ಟು ಅಂದರು, ಬೀಗ ಹಾಕು ಅಂತ, ಅತ್ತೆ ಬೀಗದ ಕೈ ಹಿಡಿದು ನನಗಿಂತ ಮುಂದೆ ನಡೆದರು, ಅಂಗಳದುದ್ದಕ್ಕೂ ಅವರ ಬೆನ್ನು ನೋಡುತ್ತ ನಡೆದೆ, ಹಾಕಲಿ, ಗೋಡೆ ಹತ್ತುತ್ತೇನೆ, ಕೂಗುತ್ತೇನೆ, ಇಲ್ಲೇ ಮಲಗುತ್ತೇನೆ, ಬಿಟ್ಟು ಮಾತ್ರ ಹೋಗುವುದಿಲ್ಲ — ಅತ್ತೆ ಗೇಟಿನ ಹತ್ತಿರ ನಿಂತು ಕೃತ್ತಿಕಾಳ ಮೂಗನ್ನು ಒಮ್ಮೆ ಮುಟ್ಟಿದರು, ಅಗಳಿಗೆ ಕೈಯಿಟ್ಟರು, ಹಿಂದಕ್ಕೆ ಎಳೆದರು, ಗೇಟು ತೆರೆದುಕೊಂಡಿತು, ನಾನೇ ಅಲ್ಲಿಗೆ ಬತ್ತೀನಿ, ಈಗ ಓಗು ಕಣ್ಣು, ಅಂದರು, ಹೆತ್ತ ಮಗಳನ್ನು ಮುದ್ದಿಸಿ ಕರೆಯುವ ಹಾಗೆ, ಒಳಗಿಂದ ಮಾವ ಅವರ ಹೆಸರು ಹಿಡಿದು ಕೂಗುತ್ತಿದ್ದರು, ಅತ್ತೆ ತಿರುಗಲಿಲ್ಲ — ಬಸ್ಸು ಪಲ್ಲಡಂ ದಾಟಿತು, ಮಗಳು ಮಡಿಲಲ್ಲಿ ನಿದ್ದೆಹೋಗಿದ್ದಾಳೆ, ಸೂಲೂರು ಬರುತ್ತದೆ, ನಾಳೆ ಶಾಲೆ, ಆದರೆ ಕಣ್ಣ ಮುಂದೆ ಮತ್ತೆ ಅತ್ತೆಯ ಆ ಬೆರಳುಗಳು, ಗಂಟುಗಂಟಾದ ಬೆರಳುಗಳು, ಅಗಳಿಯನ್ನು ಹಿಂದಕ್ಕೆ ಎಳೆದು, ಬಿಡದೆ ಹಿಡಿದು, ಮತ್ತೆ ಆ ಬೆರಳುಗಳು —